ರಜೆಯ ಹಡಗಿನಲ್ಲಿ ರಜೆ ಯಾರಿಗೆ?

ನಮ್ಮ ಕಾಸರಗೋಡಿನ ಕಡೆಗೆ ಈಚೆಗೆ ಎರಡು ಬಗೆಯ ಕಾಗದ ಬರ್ತಾ ಉಂಟು. ಒಂದು, ಪೆನ್ಶನ್ ಆದ ಮಾಷ್ಟ್ರುಗಳಿಗೂ ಗಲ್ಫಿನಿಂದ ಮರಳಿ ಬಂದು ಮನೆ ಕಟ್ಟಿ ಕೂತವರಿಗೂ ಟೂರಿನವರು ಹಂಚುವ ಬಣ್ಣದ ಕಾಗದ. ಬಿಳಿ ಹಡಗು, ನೀಲಿ ಈಜುಕೊಳ, ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿದ ಗಂಡ ಹೆಂಡತಿ. ಇನ್ನೊಂದು, ಪ್ಲಸ್ ಟು ಮುಗಿಸಿದ ಹುಡುಗರಿಗೆ ಏಜೆಂಟರು ವಾಟ್ಸಾಪಿನಲ್ಲಿ ಕಳಿಸುವ ಜಾಹೀರಾತು. ಅದೇ ಬಿಳಿ ಹಡಗು, ಅದೇ ಈಜುಕೊಳ, ಕೆಳಗೆ ಡಾಲರಿನಲ್ಲಿ ಸಂಬಳ. ಒಂದು ಕಾಗದ ಕುರ್ಚಿಯಲ್ಲಿ ಮಲಗಲು ಕರೆಯುತ್ತದೆ, ಇನ್ನೊಂದು ಆ ಕುರ್ಚಿ ಒರೆಸಲು ಕರೆಯುತ್ತದೆ. ಒರೆಸುವವನ ಚಿತ್ರ ಮಾತ್ರ ಎರಡರಲ್ಲೂ ಇಲ್ಲ.

ನನ್ನ ತಕರಾರು ಇರುವುದು ಆ ಇಲ್ಲದ ಚಿತ್ರದ ಬಗ್ಗೆ. ಹಡಗಿನಲ್ಲಿ ತಿರುಗಾಡಲು ಹೋಗುವುದು ಪಾಪ ಎಂದು ನಾನು ಹೇಳುವುದಿಲ್ಲ. ಜೀವಮಾನ ಇಡೀ ಬೋರ್ಡಿನ ಎದುರು ನಿಂತು ಚಾಕ್‌ಪೀಸಿನ ಹುಡಿ ತಿಂದವರು ಒಂದು ವಾರ ಕಾಲು ಚಾಚಿ ಮಲಗಿದರೆ ಯಾರಿಗೆ ಏನು ನಷ್ಟ? ಆದರೆ "ಕಡಲ ಮೇಲೆ ದಿನ ಕಳೆಯುವುದು" ಎಂದು ಇವತ್ತು ಮಾರಾಟವಾಗ್ತಿರುವುದು ವಿರಾಮ ಅಲ್ಲ. ಅದು ಪ್ರಯಾಣಿಕನಿಗೆ ಸುಮ್ಮನೆ ಕೂರಲು ಬಿಡದ, ಕೆಲಸದವನಿಗೆ ಒಂದು ದಿನವೂ ರಜೆ ಕೊಡದ ವ್ಯಾಪಾರ. ಅದನ್ನು ವಿರಾಮ ಎಂದು ಕರೆದು ನಾವೇ ನಮ್ಮ ಮಕ್ಕಳಿಗೆ ತೋರಿಸುವುದು ತಪ್ಪು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಕ್ರೂಸ್ ಹಡಗಿನ ಯಾತ್ರೆಯಲ್ಲಿ ಎರಡು ತರದ ದಿನ ಉಂಟು. ಹಡಗು ಯಾವುದಾದರೂ ಊರಿಗೆ ತಾಗಿ ನಿಂತು ಜನ ಇಳಿದು ಪೇಟೆ ನೋಡುವುದು ಬಂದರಿನ ದಿನ. ಎಲ್ಲಿಯೂ ನಿಲ್ಲದೆ ನೀರಿನ ಮೇಲೆ ಸಾಗುತ್ತಲೇ ಇರುವುದು ಕಡಲ ದಿನ. ಮಯಾಮಿಯಿಂದ ಕೆರಿಬಿಯನ್ ದ್ವೀಪಗಳಿಗೆ ಒಂದು ವಾರದ ಯಾತ್ರೆ ಹೋದರೆ ಇಂಥ ಎರಡು ಮೂರು ಕಡಲ ದಿನ ಸಿಗ್ತದೆ. ವಸಂತದಲ್ಲಿ ಹಡಗುಗಳು ಕೆರಿಬಿಯನ್ ಬಿಟ್ಟು ಮೆಡಿಟರೇನಿಯನ್ ಕಡೆಗೆ ಅಟ್ಲಾಂಟಿಕ್ ದಾಟುವಾಗ ಒಟ್ಟಿಗೇ ಆರು ಏಳು ಕಡಲ ದಿನ. ಚಳಿಗಾಲದ ಮೊದಲು ವಾಪಸು ಬರುವಾಗಲೂ ಹಾಗೆಯೇ. ಪಶ್ಚಿಮಕ್ಕೆ ಹೋಗುವಾಗ ಹಡಗಿನ ಗಡಿಯಾರವನ್ನು ಕೆಲವು ರಾತ್ರಿ ಒಂದೊಂದು ಗಂಟೆ ಹಿಂದೆ ತಿರುಗಿಸ್ತಾರೆ, ಆದ್ದರಿಂದ ದಿನಕ್ಕೆ 25 ಗಂಟೆ. ಪೂರ್ವಕ್ಕೆ ಬರುವಾಗ ಅದೇ ಲೆಕ್ಕ ತಿರುಗಿ 23 ಗಂಟೆ.

ಇಷ್ಟು ಕೇಳಿದರೆ ಯಾರಿಗೂ ಆಸೆ ಆದೀತು. ಸುತ್ತ ನೀರು, ಮೇಲೆ ಆಕಾಶ, ಮಾಡಲಿಕ್ಕೆ ಎಂತದೂ ಇಲ್ಲ. ಆದರೆ ದೊಡ್ಡ ಹಡಗಿನ ಕಡಲ ದಿನ ನಿಜಕ್ಕೂ ಹೇಗಿರುತ್ತದೆ? ಬೆಳಿಗ್ಗೆ ಏಳಕ್ಕೆ ಮೇಲಿನ ಡೆಕ್ಕಿಗೆ ಹೋದರೆ ಈಜುಕೊಳದ ಸುತ್ತಲಿನ ಕುರ್ಚಿಗಳ ಮೇಲೆಲ್ಲ ಟವೆಲು. ಜನ ಇಲ್ಲ, ಟವೆಲು ಮಾತ್ರ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆಯುವವರು ಅಲ್ಲಿಯೂ ಇದ್ದಾರೆ ಎಂದಾಯಿತು! ಆಮೇಲೆ ಧ್ವನಿವರ್ಧಕ ಶುರು. ಹತ್ತು ಗಂಟೆಗೆ ರಸಪ್ರಶ್ನೆ, ಹನ್ನೊಂದಕ್ಕೆ ಬಿಂಗೋ ಆಟ, ಮಧ್ಯಾಹ್ನ ಚಿತ್ರಗಳ ಹರಾಜು, ಎರಡಕ್ಕೆ ವಾಚು ಮತ್ತು ಆಭರಣದ ವಿಶೇಷ ಮಾರಾಟ, ನಾಲ್ಕಕ್ಕೆ ಚಹಾ, ಸಂಜೆ ಕೋಟು ಹಾಕಿಕೊಂಡು ಊಟ, ರಾತ್ರಿ ನಾಟಕ, ಅದರ ನಂತರ ಕ್ಯಾಸಿನೊ. ಶಾಲೆಯ ಟೈಮ್‌ಟೇಬಲಿನಲ್ಲಿ ಕೂಡಾ ಒಂದು ಆಟದ ಪೀರಿಯಡ್ ಇರ್ತದೆ, ಇದರಲ್ಲಿ ಅದೂ ಇಲ್ಲ.

ಇದೆಲ್ಲ ಕಡಲ ದಿನವೇ ಯಾಕೆ? ಇದಕ್ಕೊಂದು ಕಾರಣ ಉಂಟು. ಹಡಗು ಬಂದರಿನಲ್ಲಿ ನಿಂತಾಗ ಆ ಊರಿನ ಸುಂಕ, ಆ ಊರಿನ ಜೂಜಿನ ಕಾನೂನು ಅದಕ್ಕೆ ತಾಗ್ತದೆ. ಹೆಚ್ಚಿನ ಬಂದರುಗಳಲ್ಲಿ ಹಡಗಿನ ಸುಂಕವಿಲ್ಲದ ಅಂಗಡಿ, ಕ್ಯಾಸಿನೊ ಎರಡಕ್ಕೂ ಬಾಗಿಲು ಹಾಕಲೇಬೇಕು. ದಡ ಬಿಟ್ಟು ದೂರ ಹೋದ ಮೇಲೆ ಬಾಗಿಲು ತೆರೆಯಬಹುದು. ಗೋವಾದವರಿಗೆ ಇದು ಹೊಸ ಸಂಗತಿ ಏನಲ್ಲ, ಪಣಜಿಯ ಮಾಂಡೋವಿ ಹೊಳೆಯಲ್ಲಿ ಜೂಜಿನ ಹಡಗುಗಳು ಲಂಗರು ಹಾಕಿ ನಿಂತಿರುವುದನ್ನು ಅವರು ದಿನಾ ನೋಡ್ತಾರೆ. ನೆಲದ ಮೇಲೆ ನಡೆಯದ್ದು ನೀರಿನ ಮೇಲೆ ನಡೀತದೆ. ಹಾಗಾಗಿ ಕಂಪೆನಿಗೆ ಕಡಲ ದಿನ ಅಂದರೆ ಸಾವಿರಾರು ಗಿರಾಕಿಗಳು ಹೊರಗೆ ಹೋಗಲಾರದೆ ಒಂದೇ ಸಂತೆಯಲ್ಲಿ ಸಿಕ್ಕಿಕೊಂಡ ದಿನ. ಟಿಕೆಟಿನ ಹಣ ಹಡಗು ಹತ್ತಿಸಲಿಕ್ಕೆ. ಕುಡಿತ, ಜೂಜು, ಅಂಗಡಿ, ಫೋಟೋ, ಮಸಾಜು, ಇಂಟರ್ನೆಟ್ಟು, ಇವುಗಳ ಲಾಭ ಬೇರೆ.

ಇನ್ನು ಕಡಲು? ಅದನ್ನು ನೋಡಲಿಕ್ಕೆ ಅಂತಲೇ ಹೋಗುವುದಲ್ವಾ? ದೊಡ್ಡ ಹಡಗಿನ ಹೊಟ್ಟೆಯೊಳಗೆ ಕಿಟಕಿಯೇ ಇಲ್ಲದ ಕೋಣೆಗಳು ನೂರಾರು ಇರುತ್ತವೆ, ಟಿಕೆಟು ಅಗ್ಗ. ಆ ಕೋಣೆಗಳ ಗೋಡೆಗೆ ದೊಡ್ಡ ಟಿ.ವಿ. ಪರದೆ ಜೋಡಿಸಿ, ಹೊರಗೆ ಕೆಮರಾ ಇಟ್ಟು, ಹೊರಗಿನ ಸಮುದ್ರವನ್ನು ಒಳಗೆ ತೋರಿಸುವ ಏರ್ಪಾಟನ್ನು ಒಂದು ದೊಡ್ಡ ಕಂಪೆನಿ 2014ರಲ್ಲಿ ಶುರು ಮಾಡಿತು. ಸಮುದ್ರದ ಮಧ್ಯದಲ್ಲಿ ಕೂತು ಸಮುದ್ರವನ್ನು ಟಿ.ವಿ.ಯಲ್ಲಿ ನೋಡುವುದು! ಬೇಕಲದ ಕೋಟೆಯ ಬುರುಜಿನ ಮೇಲೆ ಸಂಜೆ ಕೂತು ಕಡಲೆ ಮೆಲ್ಲುವವನಿಗೆ ಇದಕ್ಕಿಂತ ಹೆಚ್ಚು ಕಡಲು ಸಿಗ್ತದೆ ಮಾರಾಯ್ರೆ.

2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾತ್ರೆ ಹೊರಟ "ಐಕಾನ್ ಆಫ್ ದಿ ಸೀಸ್" ಎಂಬ ಹಡಗನ್ನೇ ತೆಗೆದುಕೊಳ್ಳಿ. ಫಿನ್ಲೆಂಡಿನ ತುರ್ಕು ಎಂಬಲ್ಲಿ ಕಟ್ಟಿದ್ದು. ಉದ್ದ 365 ಮೀಟರು, 20 ಮಹಡಿ. ತುಂಬ ತುಂಬಿಸಿದರೆ 7,600 ಪ್ರಯಾಣಿಕರು, ಅವರ ಚಾಕರಿಗೆ ಸುಮಾರು 2,350 ಕೆಲಸದವರು. ಒಂದು ಸಾಧಾರಣ ಗ್ರಾಮ ಪಂಚಾಯತಿನ ಜನ ಅರ್ಧದಷ್ಟು ಅದರೊಳಗೆ ಹಿಡಿದಾರು. ಜಾರುಬಂಡೆ, ಮಂಜಿನ ಮೇಲೆ ಜಾರುವ ಅಂಗಳ, ಗಿಡಮರಗಳ ತೋಟ ಎಲ್ಲ ಉಂಟು. ಇಷ್ಟನ್ನೆಲ್ಲ ತುಂಬಿಸಿದ್ದು ಯಾಕೆಂದರೆ ಬರೀ ಕಡಲು ತೋರಿಸಿದರೆ ಜನರಿಗೆ ಬೇಜಾರು ಬಂದೀತೆಂಬ ಭಯಕ್ಕೆ. ಬೇಜಾರು ಬಂದರೆ ತಾನೇ ಏನು? ಬೇಜಾರು ಬಂದಾಗ ಮನುಷ್ಯ ಪಕ್ಕದವನ ಹತ್ತಿರ ಮಾತಾಡ್ತಾನೆ, ಇಲ್ಲದಿದ್ದರೆ ಒಂದು ಪುಸ್ತಕ ತೆಗೀತಾನೆ. ಎರಡರಿಂದಲೂ ಕಂಪೆನಿಗೆ ಒಂದು ಕಾಸು ಹುಟ್ಟುವುದಿಲ್ಲ.

ಪುಸ್ತಕದ ಮಾತು ಬಂದದ್ದಕ್ಕೆ ಹೇಳ್ತೇನೆ, ಯಾಕೆಂದರೆ ಇದನ್ನು ಅಚ್ಚು ಹಾಕುವುದು ಒಂದು ವಾಚನಾಲಯ. ಇಂಗ್ಲೆಂಡಿನ ಸೌತಾಂಪ್ಟನಿನಿಂದ ನ್ಯೂಯಾರ್ಕಿಗೆ ಹೋಗಿಬರುವ "ಕ್ವೀನ್ ಮೇರಿ 2" ಎಂಬ ಹಡಗಿನಲ್ಲಿ ಸುಮಾರು 10,000 ಪುಸ್ತಕಗಳ ಲೈಬ್ರರಿ ಉಂಟು. ಈ ಹಡಗಿನವರು ಹೆಚ್ಚು ಸದ್ದು ಮಾಡುವುದಿಲ್ಲ, ಓದುವವನನ್ನು ಓದಲು ಬಿಡ್ತಾರೆ. ಒಳ್ಳೆಯದಕ್ಕೆ ಒಳ್ಳೆಯದು ಎನ್ನಬೇಕು. ಆದರೆ ಒಂದು ತಮಾಷೆ ನೋಡಿ. 1938ರಲ್ಲಿ ಇದೇ ಹೆಸರಿನ ಹಳೆಯ "ಕ್ವೀನ್ ಮೇರಿ" ನಾಲ್ಕು ದಿನದ ಒಳಗೆ ಅಟ್ಲಾಂಟಿಕ್ ದಾಟಿ ದಾಖಲೆ ಮಾಡಿತ್ತು. ಈಗಿನದು ಗಂಟೆಗೆ 30 ನಾಟ್ ಓಡುವ ತಾಕತ್ತು ಇದ್ದೂ ಏಳು ರಾತ್ರಿ ತೆಗೆದುಕೊಳ್ತದೆ. ನಿಧಾನ ಹೋದರೆ ಎಣ್ಣೆ ಉಳೀತದೆ, ಮಾರಲಿಕ್ಕೆ ರಾತ್ರಿಗಳೂ ಹೆಚ್ಚು ಸಿಗ್ತದೆ. ತಡವಾಗುವುದಕ್ಕೇ ದುಡ್ಡು ಕೊಡುವ ಕಾಲ ಇದು, ನಮ್ಮ ಕೆ.ಎಸ್.ಆರ್.ಟಿ.ಸಿ.ಯವರಿಗೆ ಗೊತ್ತಾಗದಿರಲಿ.

ಕಡಲ ದಿನ ಎಂಬ ಸರಕು ಹುಟ್ಟಿದ್ದೇ ಹಡಗು ಖಾಲಿ ಬಿದ್ದಾಗ. ಜರ್ಮನಿಯ ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್ ಎಂಬವನ ಹಡಗುಗಳು ಯುರೋಪಿನಿಂದ ಅಮೆರಿಕಕ್ಕೆ ಜನ ಸಾಗಿಸುತ್ತಿದ್ದವು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ಸಮುದ್ರ ಕೆಟ್ಟದು, ಜನ ಹತ್ತುವುದಿಲ್ಲ. ಸುಮ್ಮನೆ ನಿಲ್ಲಿಸಿದರೂ ಖರ್ಚು. ಆಗ 1891ರ ಜನವರಿಯಲ್ಲಿ "ಆಗಸ್ಟಾ ವಿಕ್ಟೋರಿಯಾ" ಎಂಬ ಹಡಗಿಗೆ ಸುಮಾರು 240 ಮಂದಿ ಸಿರಿವಂತರನ್ನು ಹತ್ತಿಸಿ ಮೆಡಿಟರೇನಿಯನ್ ಸುತ್ತಿಸಿದ. ಹುಚ್ಚು ಎಂದು ನಕ್ಕವರು ಆಮೇಲೆ ಅವನನ್ನೇ ನಕಲು ಮಾಡಿದರು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟಲು ಶುರುವಾದ ಮೇಲೆ ಇಡೀ ಹಡಗಿನ ವ್ಯವಹಾರವೇ ಖಾಲಿ ಬಿತ್ತು. ಊರು ತಲುಪಲು ಹಡಗು ಬೇಡವಾಯಿತು. ಹಾಗಾದರೆ ಯಾವ ಊರಿಗೂ ತಲುಪದ ಹಡಗನ್ನು ಮಾರೋಣ ಎಂದರು. 1970ರ ದಶಕದಿಂದ ಮಯಾಮಿಯಲ್ಲಿ ಬೆಳೆದ ಕಂಪೆನಿಗಳ ಒಟ್ಟು ಬುದ್ಧಿ ಇಷ್ಟೇ.

ನಮ್ಮವರು ಕಂಡ ಕಡಲ ದಿನಗಳು ಬೇರೆಯೇ ಇದ್ದವು. ಮುಂಬಯಿಯಿಂದ ಗಲ್ಫಿಗೆ ಹೋಗುತ್ತಿದ್ದ "ದ್ವಾರಕಾ" ಹಡಗು 1982ರ ತನಕ ಓಡಿತು. ಕ್ಯಾಬಿನಿಗೆ ಹಣ ಇಲ್ಲದವರು ಡೆಕ್ಕಿನ ಮೇಲೆ ಚಾಪೆ ಹಾಸಿ, ಟ್ರಂಕಿಗೆ ತಲೆ ಕೊಟ್ಟು ಮಲಗಿಕೊಂಡೇ ಹೋದರು. ಇದರಲ್ಲಿ ಚಂದ ಹುಡುಕುವುದು ಬೇಡ. ಅದೇ ದಾರಿಯ "ದಾರಾ" ಹಡಗು 1961ರ ಎಪ್ರಿಲಿನಲ್ಲಿ ದುಬೈ ಹತ್ತಿರ ಸ್ಫೋಟವಾಗಿ ಬೆಂಕಿ ಹತ್ತಿ 238 ಮಂದಿ ಸತ್ತರು. ಆದರೂ ಆ ಡೆಕ್ಕಿನಲ್ಲಿ ಕೂತವನಿಗೆ ದಿನ ಎಷ್ಟು ಉದ್ದ ಎಂದು ಗೊತ್ತಿತ್ತು, ತಾನು ಎಲ್ಲಿಗೆ ಹೋಗುತ್ತೇನೆಂದೂ ಗೊತ್ತಿತ್ತು. ಇವತ್ತಿನ ಬಿಳಿ ಹಡಗಿನಲ್ಲಿಯೂ ನಮ್ಮವರು ಇದ್ದಾರೆ. ಆದರೆ ಮೇಲಿನ ಡೆಕ್ಕಿನಲ್ಲಿ ಅಲ್ಲ.

ಉದುಮ, ಕೋಟಿಕುಳಂ, ಪಾಲಕ್ಕುನ್ನು ಕಡೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಆ ಸಾಲಿನಲ್ಲಿ ಹಡಗಿನ ಕೆಲಸಕ್ಕೆ ಹೋದವರ ಮನೆ ಎಷ್ಟು ಉಂಟು ಎಂದು. ಹೆಚ್ಚಿನವರು ಸರಕಿನ ಹಡಗಿನವರು. ಈಗ ಈಗ ನಮ್ಮ ಕುಂಬಳೆ, ಮಂಜೇಶ್ವರ ಕಡೆಯ ಹುಡುಗರೂ ಹೋಟೆಲ್ ಮ್ಯಾನೇಜ್ಮೆಂಟ್ ಕಲಿತು ಕ್ರೂಸ್ ಹಡಗಿಗೆ ಹತ್ತುತ್ತಾರೆ. ಅಡುಗೆಮನೆ, ಬಟ್ಟೆ ತೊಳೆಯುವಲ್ಲಿ, ಕೋಣೆ ಗುಡಿಸುವಲ್ಲಿ, ಊಟ ಬಡಿಸುವಲ್ಲಿ ಅವರ ಕೆಲಸ. ಮಲಗುವುದು ಕೆಳಗಿನ ಮಹಡಿಗಳಲ್ಲಿ, ಎಷ್ಟೋ ಹಡಗುಗಳಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ, ಒಂದು ಕೋಣೆಗೆ ಇಬ್ಬರು ಅಥವಾ ಹೆಚ್ಚು. ಹಡಗಿನ ಈ ತುದಿಯಿಂದ ಆ ತುದಿಗೆ ಕೆಲಸದವರಿಗಾಗಿಯೇ ಒಂದು ಉದ್ದದ ದಾರಿ ಇರುತ್ತದೆ. ಅಮೆರಿಕದ ಹೆದ್ದಾರಿಯೊಂದರ ಹೆಸರಿನಿಂದ ಅದಕ್ಕೆ "ಐ-95" ಎಂದು ಕೆಲಸದವರೇ ಅಡ್ಡಹೆಸರು ಇಟ್ಟಿದ್ದಾರೆ. ತಳ್ಳುಗಾಡಿ, ಟ್ರೇ, ಕಸದ ಚೀಲ ಎಲ್ಲ ಓಡುವುದು ಅದರಲ್ಲಿ. ಮೇಲಿನವರಿಗೆ ಅದು ಕಾಣಬಾರದು.

ಮೇಲಿನ ಮಹಡಿಯಲ್ಲಿ ಕಡಲ ದಿನ ಆಗಿರುವಾಗ ಈ ಕೆಳಗಿನ ದಾರಿಯಲ್ಲಿ ಏನಾಗ್ತದೆ? ಬಂದರಿನ ದಿನ ಪ್ರಯಾಣಿಕರಲ್ಲಿ ತುಂಬ ಜನ ಇಳಿದು ಹೋಗ್ತಾರೆ, ಮಧ್ಯಾಹ್ನದ ಊಟಕ್ಕೆ ತಟ್ಟೆ ಕಡಿಮೆ. ಪಾಳಿ ಹೊಂದಿದರೆ ಕೆಲಸದವನಿಗೂ ಒಂದೆರಡು ಗಂಟೆ ನೆಲದ ಮೇಲೆ ಕಾಲಿಟ್ಟು ಮನೆಗೆ ಫೋನ್ ಮಾಡಿ ಬರಲು ಆದೀತು. ಕಡಲ ದಿನ ಯಾರೂ ಇಳಿಯುವುದಿಲ್ಲ. ಎಲ್ಲರೂ ಮೂರು ಹೊತ್ತು ಅಲ್ಲ, ಆರು ಹೊತ್ತು ತಿನ್ನುತ್ತಾರೆ. ಒಬ್ಬನ ಅತ್ಯಂತ ಉದ್ದದ ವಿರಾಮ ಇನ್ನೊಬ್ಬನ ಅತ್ಯಂತ ಉದ್ದದ ಪಾಳಿ.

ಇದಕ್ಕೆ ಕಾನೂನು ಇಲ್ಲವಾ ಎಂದು ಕೇಳುವಿರಿ. ಉಂಟು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕರ ಒಪ್ಪಂದ, 2013ರಿಂದ ಜಾರಿಯಲ್ಲಿ ಉಂಟು. ಭಾರತ 2015ರಲ್ಲಿ ಅದಕ್ಕೆ ಸಹಿ ಸೇರಿಸಿತು. ಹಡಗಿನಲ್ಲಿ ಯಾವ ಕೆಲಸ ಮಾಡುವವನೂ, ಪಾತ್ರೆ ತೊಳೆಯುವವನೂ, ಅದರ ಲೆಕ್ಕದಲ್ಲಿ ಕಡಲ ಕಾರ್ಮಿಕನೇ. ಒಳ್ಳೆಯ ಒಪ್ಪಂದ ಅದು, ಅದಿಲ್ಲದಿದ್ದರೆ ಇನ್ನೂ ಕಷ್ಟ. ಆದರೆ ಅದರ ಗಣಿತವನ್ನು ಒಮ್ಮೆ ಬೋರ್ಡಿನ ಮೇಲೆ ಮಾಡಿ ನೋಡಿ. ದೇಶಗಳು ಎರಡರಲ್ಲಿ ಒಂದು ಲೆಕ್ಕ ಆರಿಸಬಹುದು: ವಾರಕ್ಕೆ ಹೆಚ್ಚೆಂದರೆ 72 ಗಂಟೆ ಕೆಲಸ, ಇಲ್ಲವೇ ವಾರಕ್ಕೆ ಕಡಿಮೆಯೆಂದರೆ 77 ಗಂಟೆ ವಿಶ್ರಾಂತಿ. ವಾರಕ್ಕೆ 168 ಗಂಟೆ. 77 ಕಳೆದರೆ ಉಳಿಯುವುದು 91. ಎಂದರೆ ದಿನಕ್ಕೆ 13 ಗಂಟೆಯಂತೆ ಏಳು ದಿನವೂ ದುಡಿಸಿದರೂ ಕಾನೂನು ಮುರಿದಂತೆ ಆಗುವುದಿಲ್ಲ. ಸಿಗುವ ವಿಶ್ರಾಂತಿಯನ್ನು ಎರಡು ತುಂಡು ಮಾಡಬಹುದು, ಒಂದು ತುಂಡು ಆರು ಗಂಟೆ ಇದ್ದರೆ ಸಾಕು. ನಮ್ಮ ದೇಶದ ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿ. ಇಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು.

ಈ ತರದ ವಾರಗಳು ಒಂದೆರಡಲ್ಲ. ಕ್ರೂಸಿನ ಹೋಟೆಲ್ ವಿಭಾಗದವರ ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಆ ಅವಧಿಯಲ್ಲಿ ಇಡೀ ದಿನದ ರಜೆ ಎಂಬುದು ಹೆಚ್ಚಿನವರಿಗೆ ಸಿಗುವುದೇ ಇಲ್ಲ. ಭಾನುವಾರ ಇಲ್ಲ, ಓಣಂ ಇಲ್ಲ, ದೀಪಾವಳಿ ಇಲ್ಲ, ಪೆರ್ನಾಳ್ ಇಲ್ಲ. ಯಾತ್ರೆ ಮುಗಿದ ದಿನ ಬೆಳಿಗ್ಗೆ ಹಳೆಯ ಪ್ರಯಾಣಿಕರು ಇಳೀತಾರೆ, ಮಧ್ಯಾಹ್ನಕ್ಕೆ ಹೊಸಬರು ಹತ್ತುತ್ತಾರೆ. ನಡುವೆ ಇರುವ ನಾಲ್ಕೈದು ಗಂಟೆಯಲ್ಲಿ ಸಾವಿರಾರು ಹಾಸಿಗೆಯ ಹೊದಿಕೆ ಬದಲಾಗಬೇಕು. ಮಾರನೆ ದಿನ ಮತ್ತೆ ಕಡಲ ದಿನ, ಮತ್ತೆ "ಸ್ವಾಗತ" ಎಂದು ನಗಬೇಕು. ನಗುವೂ ಕೆಲಸದಲ್ಲಿ ಸೇರಿದ್ದು. ಕೊನೆಗೆ ಪ್ರಯಾಣಿಕರು ತುಂಬುವ ಅಂಕದ ಕಾಗದದಲ್ಲಿ ಕಡಿಮೆ ಬಿದ್ದರೆ ಮುಂದಿನ ಕರಾರಿಗೆ ತೊಂದರೆ.

ಸಂಬಳದ ವಿಚಾರದಲ್ಲೂ ಒಂದು ಜಾಣತನ ಉಂಟು. ಅಮೆರಿಕದ ಕಂಪೆನಿಗಳು ಪ್ರಯಾಣಿಕನ ಬಿಲ್ಲಿಗೆ ತಲೆಗೆ ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು ಬಕ್ಷೀಸು ಎಂದು ತಾವೇ ಸೇರಿಸ್ತವೆ. ಕೆಲಸದವನ ಸಂಪಾದನೆಯ ದೊಡ್ಡ ಪಾಲು ಅದರಿಂದ. ಅಂದರೆ ಕಂಪೆನಿ ಕೊಡಬೇಕಾದ ಕೂಲಿಯನ್ನು ಗಿರಾಕಿಯ ದಾಕ್ಷಿಣ್ಯಕ್ಕೆ ಬಿಟ್ಟ ಹಾಗೆ. ಕೊನೆಯ ಕಡಲ ದಿನ ಕೌಂಟರಿಗೆ ಹೋಗಿ ಅದನ್ನು ಬಿಲ್ಲಿನಿಂದ ತೆಗೆಸುವವರೂ ಇದ್ದಾರೆ. ಏಳು ದಿನ ಹಾಸಿಗೆ ಹಾಸಿ, ಟವೆಲಿನಲ್ಲಿ ಆನೆ, ಮಂಗ ಮಾಡಿ ಇಟ್ಟವನಿಗೆ ಅದು ಗೊತ್ತಾಗುವುದು ಆಮೇಲೆ.

ಕಾನೂನನ್ನು ನೋಡಿಕೊಳ್ಳಬೇಕಾದದ್ದು ಯಾವ ದೇಶ? ಹಡಗಿನ ಹಿಂದೆ ಯಾವ ಧ್ವಜ ಹಾರ್ತದೋ ಆ ದೇಶ. ಮಯಾಮಿಯಿಂದ ಹೊರಡುವ ದೊಡ್ಡ ಹಡಗುಗಳ ಹಿಂದೆ ಅಮೆರಿಕದ ಧ್ವಜ ಹುಡುಕಬೇಡಿ. ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ, ಇವೇ ಕಾಣುವುದು. ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪೆನಿಯಾದ ಕಾರ್ನಿವಲ್ ನೋಂದಣಿಯಾದದ್ದು ಪನಾಮಾದಲ್ಲಿ, ಎರಡನೆಯದಾದ ರಾಯಲ್ ಕೆರಿಬಿಯನ್ ಲೈಬೀರಿಯಾದಲ್ಲಿ. ಕಚೇರಿ ಎರಡರದ್ದೂ ಮಯಾಮಿಯಲ್ಲಿ. ತೆರಿಗೆ ಉಳೀತದೆ, ಅಮೆರಿಕದ ಕನಿಷ್ಠ ಕೂಲಿಯೂ ತಾಗುವುದಿಲ್ಲ. ನಮ್ಮ ಗಡಿನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆ ಒಂದು ಕಡೆ, ಕಡತ ಇನ್ನೊಂದು ಕಡೆ ಇದ್ದರೆ ಅಹವಾಲು ಹೇಳಲು ಯಾವ ಬಾಗಿಲಿಗೆ ಹೋಗಬೇಕೆಂದು ಗೊತ್ತಾಗದ ಕಷ್ಟ ನಾವು ಬಲ್ಲೆವು.

ಆ ಕಷ್ಟ ಎಲ್ಲಿಗೆ ಮುಟ್ಟುತ್ತದೆ ಎಂದು 2020ರ ಫೆಬ್ರವರಿಯಲ್ಲಿ ಲೋಕವೇ ನೋಡಿತು. "ಡೈಮಂಡ್ ಪ್ರಿನ್ಸೆಸ್" ಎಂಬ ಹಡಗು ಜಪಾನಿನ ಯೊಕೊಹಾಮಾಕ್ಕೆ ಬಂದಾಗ ಅದರಲ್ಲಿ 3,711 ಜನ. ಹಾಂಗ್‌ಕಾಂಗಿನಲ್ಲಿ ಮೊದಲೇ ಇಳಿದಿದ್ದ ಒಬ್ಬ ಪ್ರಯಾಣಿಕನಿಗೆ ಕೊರೊನಾ ಎಂದು ಗೊತ್ತಾಗಿತ್ತು. ಹಡಗು ಬ್ರಿಟನಿನ ಧ್ವಜದ್ದು, ನಡೆಸುವ ಕಂಪೆನಿ ಅಮೆರಿಕದ್ದು, ನಿಂತದ್ದು ಜಪಾನಿನ ನೀರಿನಲ್ಲಿ. ಪ್ರಯಾಣಿಕರೆಲ್ಲ 14 ದಿನ ಕೋಣೆಯಿಂದ ಹೊರಗೆ ಬರಬಾರದು ಎಂದು ಅಪ್ಪಣೆಯಾಯಿತು. ಅವರ ಸಂಕಟ ಸಣ್ಣದಲ್ಲ, ಕಿಟಕಿ ಇಲ್ಲದ ಕೋಣೆಯಲ್ಲಿ ಕೂತವರೂ ಇದ್ದರು. ಆದರೆ ಕೋಣೆಯಲ್ಲಿ ಕೂತವನಿಗೆ ಮೂರು ಹೊತ್ತು ಊಟ ಬಾಗಿಲಿಗೆ ಬರಬೇಕಲ್ಲ? ತಂದವರು ಕೆಲಸದವರು. ಸಾವಿರಕ್ಕೂ ಮಿಕ್ಕಿ ಇದ್ದ ಅವರಿಗೆ ಬೇರೆ ಬೇರೆ ಕೋಣೆ ಇರಲಿಲ್ಲ. ಒಟ್ಟಿಗೆ ಮಲಗಿದರು, ಒಟ್ಟಿಗೆ ಉಂಡರು, ಬಾಗಿಲಿಂದ ಬಾಗಿಲಿಗೆ ಟ್ರೇ ಹೊತ್ತರು. ಒಟ್ಟು 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತು.

ಆ ಹಡಗಿನಲ್ಲಿ ಭಾರತದವರು 138 ಮಂದಿ. ಅವರಲ್ಲಿ ಪ್ರಯಾಣಿಕರು 6, ಕೆಲಸದವರು 132. ಈ ಎರಡು ಸಂಖ್ಯೆಯನ್ನು ನಾನು ಆಗಾಗ ಹೇಳ್ತೇನೆ, ಕೇಳಿದವರು ಬೇಸರ ಮಾಡಿಕೊಂಡರೂ ಹೇಳ್ತೇನೆ. ಟೂರಿನವರ ಕಾಗದದಲ್ಲಿ ನಾವು ಆ 6ರಲ್ಲಿ ಒಬ್ಬರು. ಹಡಗಿನ ಹಾಜರಿ ಪುಸ್ತಕದಲ್ಲಿ 132ರಲ್ಲಿ ಒಬ್ಬರು. ಸರಕಾರ ವಿಮಾನ ಕಳಿಸಿ 119 ಭಾರತೀಯರನ್ನು ಆ ತಿಂಗಳ ಕೊನೆಗೆ ಕರೆತಂದಿತು, ಅದು ಮೆಚ್ಚಬೇಕಾದ ಕೆಲಸ. ಆದರೆ ಅದರ ನಂತರದ ತಿಂಗಳುಗಳಲ್ಲಿ ಬೇರೆ ಬೇರೆ ಹಡಗುಗಳಲ್ಲಿ ಪ್ರಯಾಣಿಕರು ಇಳಿದು ಮನೆ ಸೇರಿದ ಮೇಲೂ ಹತ್ತಾರು ಸಾವಿರ ಕೆಲಸದವರು ಇಳಿಯಲು ಊರೇ ಸಿಗದೆ ಕಡಲಿನಲ್ಲೇ ಉಳಿದರು. ಅದೂ ಕಡಲ ದಿನಗಳೇ. ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಆಸ್ಪತ್ರೆಯ ದಾರಿ ಮುಚ್ಚಿದ ದಿನಗಳನ್ನು ಕಂಡ ನಮಗೆ, ದಡ ಕಾಣುತ್ತಾ ಇದ್ದು ಇಳಿಯಲಾಗದವನ ಪಾಡು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಅರ್ಥ ಆಗಬೇಕು.

ಇದನ್ನೆಲ್ಲ ಹೇಳಿದಾಗ ಒಂದು ಉತ್ತರ ತಯಾರಾಗಿ ಇರ್ತದೆ. "ಅವರೇ ಇಷ್ಟಪಟ್ಟು ಹೋದದ್ದಲ್ವಾ ಮಾಷ್ಟ್ರೆ? ಇಲ್ಲಿ ಕೂತರೆ ಅಷ್ಟು ಹಣ ಯಾರು ಕೊಡ್ತಾರೆ? ತಂಗಿಯ ಮದುವೆ ಆಯಿತು, ಮನೆಗೆ ಕಾಂಕ್ರೀಟು ಬಿತ್ತು." ಸರಿ. ಹಣ ಬಂದದ್ದು ನಿಜ, ಕಾಂಕ್ರೀಟೂ ನಿಜ. ಹೋಗಬೇಡಿ ಎಂದು ನಾನು ಹೇಳಿದ್ದರೆ ಈ ಉತ್ತರಕ್ಕೆ ಅರ್ಥ ಇತ್ತು. ಕೆಲಸಕ್ಕೆ ಹೋಗಲು ಒಪ್ಪಿದವನು ವಾರಕ್ಕೆ 91 ಗಂಟೆಗೂ, ಗಿರಾಕಿಯ ದಾಕ್ಷಿಣ್ಯದ ಕೂಲಿಗೂ ಮನಸ್ಸಾರೆ ಒಪ್ಪಿದ ಎಂದು ಹೇಳುವುದು ಯಾವ ನ್ಯಾಯ? ಅವನಿಗೆ ಮೊದಲೇ ಯಾರಾದರೂ ಹೇಳಿದ್ದರಾ?

ಇನ್ನು ಕೆಲವರು ಹೇಳ್ತಾರೆ, ಹೋಟೆಲ್ ಕೆಲಸ ಎಲ್ಲಿಯಾದರೂ ಹಾಗೆಯೇ, ನಮ್ಮ ಕರಾವಳಿಯ ಹುಡುಗರು ಮುಂಬಯಿಯಲ್ಲಿ ಬೆಳಗಿನಿಂದ ರಾತ್ರಿ ತನಕ ಟೇಬಲು ಒರೆಸಿ ಮೇಲೆ ಬರಲಿಲ್ಲವೇ ಎಂದು. ಬಂದರು. ಹೇಗೆ ಬಂದರು ಎಂಬುದನ್ನೂ ಪೂರ್ತಿ ಹೇಳಬೇಕು. ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ಗ್ಲಾಸು ತೊಳೆದ ಹುಡುಗ ಸಂಜೆ ಕೈ ಒರೆಸಿಕೊಂಡು ಹೋಗಿ ಅಲ್ಲಿ ಎಸ್.ಎಸ್.ಸಿ. ಪಾಸು ಮಾಡಿದ. ಬ್ಯಾಂಕು ಸೇರಿದ, ವಕೀಲನಾದ, ಸ್ವಂತ ಹೋಟೆಲು ಹಾಕಿದ. ಹೋಟೆಲಿನ ಯಜಮಾನ ಒಳ್ಳೆಯವನಲ್ಲದಿದ್ದರೂ ಹೋಟೆಲಿಗೆ ಒಂದು ಹಿಂಬಾಗಿಲು ಇತ್ತು. ಅದು ಊರಿಗೆ ತೆರೆಯುತ್ತಿತ್ತು. ಹಡಗಿನ ಹಿಂಬಾಗಿಲು ನೀರಿಗೆ ತೆರೀತದೆ. ಪಾಳಿ ಮುಗಿದವನು ಹೋಗುವುದು ಎಲ್ಲಿಗೆ? ಮಹಡಿ ಇಳಿದು ಹಾಸಿಗೆಗೆ. ಮೇಲಿನ ಡೆಕ್ಕಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಲು ಹೆಚ್ಚಿನವರಿಗೆ ಅನುಮತಿ ಇಲ್ಲ. ಅದು ಟಿಕೆಟು ಕೊಂಡವರ ಸೂರ್ಯ.

ಕಡಲಿನ ಪರವಾಗಿಯೂ ಒಂದು ಮಾತು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ, ಸಾಗುತ್ತಿರುವ ಹಡಗು ಶುದ್ಧ ಮಾಡದ ಕಕ್ಕಸಿನ ನೀರನ್ನೂ ಹಲವು ಸಮುದ್ರಗಳಲ್ಲಿ ಹೊರಗೆ ಬಿಡಬಹುದು. ಒಳ್ಳೆಯ ಯಂತ್ರ ಇಟ್ಟು ಶುದ್ಧ ಮಾಡುವ ಹಡಗುಗಳೂ ಇವೆ, ಎಲ್ಲರೂ ಹಾಗೆ ಅಲ್ಲ. ವೆನಿಸ್ ನಗರದಲ್ಲಿ 2021ರ ಆಗಸ್ಟಿನಿಂದ ದೊಡ್ಡ ಹಡಗುಗಳು ಊರ ನಡುವಿನ ಕಾಲುವೆಗೆ ಬರಬಾರದೆಂದು ಮಾಡಿದರು. ಪ್ರವಾಸಿಗಳಿಂದಲೇ ಬದುಕುವ ಊರು ಹಾಗೆ ಹೇಳಬೇಕಾದರೆ ಉಪದ್ರ ಎಷ್ಟಿದ್ದಿರಬೇಕು!

ಹಾಗಾದರೆ ಏನು ಮಾಡಬೇಕು? ಟಿಕೆಟು ಕೊಳ್ಳುವ ಶಕ್ತಿ ಇದ್ದವರಿಗೆ ನನ್ನದು ದೊಡ್ಡ ಉಪದೇಶ ಏನಿಲ್ಲ. ಮುಂಬಯಿಯಿಂದ, ಕೊಚ್ಚಿಯಿಂದ ಲಕ್ಷದ್ವೀಪದ ಕಡೆಗೂ ಈಗ ಕ್ರೂಸ್ ಹೋಗ್ತದೆ, ಹೋಗಿ ಬನ್ನಿ. ಕೋಣೆ ಗುಡಿಸುವವನ ಊರು ಯಾವುದೆಂದು ಕೇಳಿ. ಈ ಕರಾರಿನಲ್ಲಿ ಎಷ್ಟನೇ ತಿಂಗಳು, ಕಡೆಯ ರಜೆ ಯಾವಾಗ ಎಂದು ಕೇಳಿ. ಅವನ ಬಕ್ಷೀಸನ್ನು ಬಿಲ್ಲಿನಿಂದ ತೆಗೆಸಬೇಡಿ. ಅಂಕದ ಕಾಗದದಲ್ಲಿ ಅವನ ಹೆಸರು ಬರೆಯಿರಿ. ಟೂರಿನವರ ಹತ್ತಿರ ಈಜುಕೊಳ ಎಷ್ಟು ಎಂದು ಕೇಳುವ ಮೊದಲು ಹಡಗಿನ ಧ್ವಜ ಯಾವುದು ಎಂದು ಕೇಳಿ ನೋಡಿ. ಅವರ ಮುಖ ನೋಡಲಿಕ್ಕಾದರೂ ಕೇಳಬೇಕು.

ನಾನು ಹೆಚ್ಚು ಹೇಳಬೇಕಾದದ್ದು ನನ್ನ ಹಾಗೆ ಶಾಲೆಯಲ್ಲಿ ಇರುವವರಿಗೆ. ಪ್ಲಸ್ ಟು ಮಕ್ಕಳಿಗೆ ವೃತ್ತಿ ಮಾರ್ಗದರ್ಶನ ಎಂದು ವರ್ಷಕ್ಕೊಂದು ದಿನ ಮಾಡ್ತೇವೆ. ಹಡಗಿನ ಕೋರ್ಸಿನವರು ಬಂದು ಪರದೆಯ ಮೇಲೆ ಚಿತ್ರ ತೋರಿಸಿ ಹೋಗ್ತಾರೆ, ನಾವು ಅವರಿಗೆ ಶಾಲು ಹೊದಿಸಿ ಕಳಿಸ್ತೇವೆ. ಆ ದಿನ ಮಕ್ಕಳಿಗೆ ನಾವು ಹೇಳಬೇಕಾದ ಕೆಲವು ಸಂಗತಿ ಉಂಟು. ಭಾರತದಲ್ಲಿ ಹಡಗಿಗೆ ಜನ ಸೇರಿಸುವವನಿಗೆ ಡಿ.ಜಿ. ಶಿಪ್ಪಿಂಗಿನ ಲೈಸೆನ್ಸ್ ಇರಬೇಕು, ಆರ್.ಪಿ.ಎಸ್.ಎಲ್. ನಂಬರು ಎಂದು ಅದನ್ನು ಕರೀತಾರೆ. ನಂಬರು ಸರಿಯೋ ಎಂದು ಡಿ.ಜಿ. ಶಿಪ್ಪಿಂಗಿನ ಪಟ್ಟಿಯಲ್ಲಿ ಮೊಬೈಲಿನಲ್ಲೇ ನೋಡಬಹುದು. ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನ ಕೈಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟು, ಸಿ.ಡಿ.ಸಿ. ಪುಸ್ತಕ, ವೈದ್ಯಕೀಯ ಸರ್ಟಿಫಿಕೇಟು, ಇವುಗಳ ಖರ್ಚು ಹುಡುಗನದ್ದು. ವೀಸಾದ ಖರ್ಚು ಹಡಗಿನವರದ್ದು. ಕರಾರು ಸಹಿ ಹಾಕುವ ಮೊದಲು ಓದಲು, ತಿಳಿದವರಿಂದ ಓದಿಸಲು ಸಮಯ ಕೇಳುವುದು ಅವನ ಹಕ್ಕು. ಸಹಿಯಾದ ಪ್ರತಿ ಅವನ ಕೈಯಲ್ಲಿ ಇರಬೇಕು. ಕರಾರು ಮುಗಿದ ಮೇಲೆ ಮನೆಗೆ ಕಳಿಸುವ ಖರ್ಚು ಹಡಗಿನ ಯಜಮಾನನದ್ದು.

ಇಷ್ಟೂ ಆಗಲೇ ಹೇಳಿದ ಅದೇ ಒಪ್ಪಂದದಲ್ಲೂ ನಮ್ಮ ದೇಶದ ನಿಯಮದಲ್ಲೂ ಉಂಟು. ಇದೆಲ್ಲ ಇದ್ದೂ ನಮ್ಮ ಕಡೆಯಲ್ಲಿ "ಡೊನೇಶನ್", "ಸರ್ವಿಸ್ ಚಾರ್ಜ್", "ಪ್ರೊಸೆಸಿಂಗ್" ಎಂಬ ಹೆಸರಿನಲ್ಲಿ ಅಡಿಕೆ ಮಾರಿದ ಹಣ ಕೊಟ್ಟವರು, ಚಿನ್ನ ಅಡವಿಟ್ಟು ಕೊಟ್ಟವರು ಇದ್ದಾರೆ. ಅಂಥ ಹುಡುಗ ಹಡಗು ಹತ್ತುವಾಗಲೇ ಸಾಲಗಾರ. ಮೊದಲ ಕರಾರಿನ ಅರ್ಧ ಆ ಸಾಲಕ್ಕೆ ಹೋಗ್ತದೆ. 13 ಗಂಟೆ ದುಡಿಸಿದರೂ, ಬೈದರೂ ಅವನು ತುಟಿ ಬಿಚ್ಚುವುದಿಲ್ಲ, ಯಾಕೆಂದರೆ ಕೆಲಸ ಬಿಟ್ಟು ಬಂದರೆ ಅಮ್ಮನ ಬಳೆ ಬ್ಯಾಂಕಿನಲ್ಲೇ ಉಳೀತದೆ.

ನಮ್ಮ ವಾಚನಾಲಯದ ನೋಟೀಸು ಬೋರ್ಡಿನಲ್ಲಿ ಈಗಲೂ ಕಳೆದ ವರ್ಷದ ಯಕ್ಷಗಾನದ ಹ್ಯಾಂಡ್‌ಬಿಲ್ಲು ಉಂಟು, ಒಂದು ಮೂಲೆ ಗೆದ್ದಲು ತಿಂದಿದೆ. ಅದನ್ನು ತೆಗೆದು ಆ ಜಾಗದಲ್ಲಿ ಲೈಸೆನ್ಸ್ ಇರುವ ಏಜೆನ್ಸಿಗಳ ಪಟ್ಟಿಯನ್ನೂ, ಕರಾರಿನ ಮಾದರಿಯೊಂದನ್ನು ಕನ್ನಡಕ್ಕೆ ಮಾಡಿ ಅದರ ಪ್ರತಿಯನ್ನೂ ಹಾಕಬೇಕೆಂದು ಕಮಿಟಿಯವರಲ್ಲಿ ಕೇಳ್ತಾ ಇದ್ದೇನೆ. ಕನ್ನಡಕ್ಕೆ ಮಾಡುವ ಕೆಲಸ ನಾನು ಮಾಡ್ತೇನೆ. ರಜೆಯಲ್ಲಿ ಊರಿಗೆ ಬಂದಿರುವ ಹಡಗಿನ ಹುಡುಗರು ಇಬ್ಬರೋ ಮೂವರೋ ಒಂದು ಭಾನುವಾರ ಸಂಜೆ ಬಂದು ಕೂತು ತಾವು ಸಹಿ ಹಾಕಿದ ಕಾಗದವನ್ನು ಸಾಲು ಸಾಲಾಗಿ ಓದಿ ಹೇಳಿದರೆ ಸಾಕು. ಟೂರಿನವರೂ ಬರಲಿ, ಏಜೆಂಟರೂ ಬರಲಿ, ಕುರ್ಚಿ ಹಾಕಿಸುವ.